ಕಿವಿಯ ದ್ವಾರಪಾಲಕರು

ಕಣ್ಣಿಗೆ ರೆಪ್ಪೆಯುಂಟು, ಬಾಯಿಗೆ ತುಟಿಯುಂಟು. ನೋಡಬಾರದುದನ್ನು ನೋಡದೆ, ಆಡಬಾರದುದನ್ನು ಆಡದೆ ಇರಬೇಕೆಂದು ಮನಸ್ಸಾದರೆ ಈ ಎರಡು ಬಾಗಿಲುಗಳನ್ನೂ ನಾವು ಮುಚ್ಚಿಕೊಳ್ಳಬಹುದು. ಕಿವಿಗೆ ಮಾತ್ರ ಸೃಷ್ಟಿಕರ್ತನು ಕದವನ್ನು ಇಟ್ಟಂತೆ ಕಾಣುವುದಿಲ್ಲ. ಹಗಲೂ ಇರುಳೂ ಅದು ತೆರೆದೇ ಇರುವುದು. ನಾವು ಮಲಗಿರುವಾಗಲೂ ಬೀದಿಯ ನಾಯಿಯ ಬೊಗಳು, ಬಚ್ಚಲಿನಲ್ಲಿ ತೊಟ್ಟಿಕ್ಕುವ ನೀರಿನ ಸದ್ದು, ಗಡಿಯಾರದ ಟಿಕ್ ಟಿಕ್ ಎಲ್ಲವೂ ಅಪ್ಪಣೆಯಿಲ್ಲದೆಯೇ ಒಳಹೊಕ್ಕುಬಿಡುವುವು. ಆದುದರಿಂದ ಕಿವಿಯೆಂದರೆ ದುಡಿಮೆಯಿಲ್ಲದ ಇಂದ್ರಿಯವೆಂದೂ, ಶಬ್ದವು ತಾನಾಗಿ ಬಂದು ಬೀಳುವ ಬರಿಯ ಬಿಲವೆಂದೂ ಲೋಕದಲ್ಲಿ ಒಂದು ಭಾವನೆ ಬೇರೂರಿದೆ.

ಉಪಾಧ್ಯಾಯ ವೃತ್ತಿಯಲ್ಲಿ ಬಾಳನ್ನು ಸವೆಸಿದ ನಮಗೆ ಈ ಭಾವನೆಯ ಬಲವು ಚೆನ್ನಾಗಿ ಗೊತ್ತು. ಬರೆಯುವುದು ಕೆಲಸ, ಓದುವುದು ಕೆಲಸ, ಲೆಕ್ಕವನ್ನು ಬಿಡಿಸುವುದು ಕೆಲಸ. ಕೇಳುವುದು ಒಂದು ಕೆಲಸವೆಂದು ಯಾರೂ ಎಣಿಸುವುದಿಲ್ಲ. ತರಗತಿಗಳಲ್ಲಿ ದಿನವೂ ಕೇಳಿಬರುವ ಅಪ್ಪಣೆಯನ್ನೇ ನೋಡಿರಿ: 'ಸುಮ್ಮನೆ ಕುಳಿತು ಕೇಳು.' ಕೇಳುವುದಕ್ಕೂ ಸುಮ್ಮನಿರುವುದಕ್ಕೂ ಅಲ್ಲಿ ಗಂಟು ಬಿದ್ದುಹೋಗಿದೆ. ಆದರೆ ನಮ್ಮ ಕನ್ನಡ ಭಾಷೆಯು ಇದಕ್ಕಿಂತ ವಿವೇಕವುಳ್ಳದ್ದು. ಅದರಲ್ಲಿ ಕೇಳಿಸುವುದು ಒಂದು, ಕೇಳುವುದು ಇನ್ನೊಂದು, ಆಲಿಸುವುದು ಮತ್ತೊಂದು. ಕೇಳಿಸುವುದು ತಾನಾಗಿ ಆಗುವಂಥದು. ಕೇಳುವುದು ನಾವು ಮಾಡುವಂಥದು. ಆಲಿಸುವುದು ಮನಸ್ಸಿಟ್ಟು ಮಾಡುವಂಥದು. 'ಕಿವಿಗೊಡು' ಎಂಬ ನುಡಿಯಲ್ಲಂತೂ ಕೊಡುವ ಕ್ರಿಯೆಯೇ ಅಡಗಿದೆ. ವ್ಯಾಕರಣದ ಈ ಭೇದಕ್ಕೆ ಕಿವಿಯ ಮಾಂಸದಲ್ಲಿಯೇ ಆಧಾರವುಂಟೆಂಬುದನ್ನು ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ನಮ್ಮ ಪ್ರಾಚೀನ ನೈಯಾಯಿಕರು ಶ್ರೋತ್ರೇಂದ್ರಿಯವನ್ನು ಕುರಿತು ಬಹಳವಾಗಿ ಚಿಂತಿಸಿದ್ದರು. ಕರ್ಣಶಷ್ಕುಲಿಯಿಂದ ಸುತ್ತುವರಿಯಲ್ಪಟ್ಟ ಆಕಾಶವೇ ಶ್ರೋತ್ರವೆಂದು ಅವರ ಸಿದ್ಧಾಂತ. ಶಷ್ಕುಲಿಯೆಂದರೆ ನಮ್ಮ ಮನೆಗಳಲ್ಲಿ ಹಬ್ಬಕ್ಕೆ ಕರಿಯುವ ಚಕ್ಕುಲಿಯೇ. ಸುರುಳಿಸುರುಳಿಯಾದ ಹೊರಗಿವಿಯನ್ನು ಚಕ್ಕುಲಿಗೆ ಹೋಲಿಸಿದ ಆ ಪಂಡಿತರ ರಸಿಕತೆಯನ್ನು ಮೆಚ್ಚತಕ್ಕದ್ದೇ. ಕೊಳದಲ್ಲಿ ಒಂದು ಅಲೆಯು ಇನ್ನೊಂದು ಅಲೆಯನ್ನು ಹುಟ್ಟಿಸುವಂತೆ ಶಬ್ದವು ಪರಂಪರೆಯಾಗಿ ಹಬ್ಬಿಕೊಂಡು ಬಂದು ಆ ಆಕಾಶವನ್ನು ಮುಟ್ಟುವುದೆಂದು ಅವರು ಹೇಳಿದರು. ಇದಕ್ಕೆ ವೀಚೀತರಂಗನ್ಯಾಯವೆಂದು ಹೆಸರು. ಅಷ್ಟಕ್ಕೇ ನಿಲ್ಲದೆ, ಮನಸ್ಸು ಇಂದ್ರಿಯದೊಡನೆ ಕೂಡಿದಲ್ಲದೆ ಜ್ಞಾನವು ಹುಟ್ಟದೆಂದೂ ಸೇರಿಸಿದರು. ಶಬ್ದವು ಅಲೆಯೆಂಬ ಮಾತನ್ನೂ, ಮನಸ್ಸಿಲ್ಲದೆ ಶ್ರವಣವಿಲ್ಲವೆಂಬ ಮಾತನ್ನೂ ಇಂದಿನ ವಿಜ್ಞಾನವು ತನ್ನ ರೀತಿಯಲ್ಲಿ ಒಪ್ಪುತ್ತದೆ. ಆದರೆ ಆ ಎರಡರ ನಡುವೆ, ಅವರು ಬರಿಯ ಆಕಾಶವೆಂದು ಭಾವಿಸಿದ ಎಡೆಯಲ್ಲಿ, ಕೆಲವು ಸಣ್ಣ ಆಳುಗಳು ಎಡೆಬಿಡದೆ ದುಡಿಯುತ್ತಿರುವುವು. ಅವೇ ಕಿವಿಯ ಸ್ನಾಯುಗಳು. (ಸಂಸ್ಕೃತದ ವೈದ್ಯಗ್ರಂಥಗಳಲ್ಲಿ ಸ್ನಾಯುವೆಂದರೆ ಕಟ್ಟುನರ, ಪೇಶಿಯೆಂದರೆ ಮಾಂಸಖಂಡ, ಆದರೆ ಕನ್ನಡದಲ್ಲಿ ಮಾಂಸಖಂಡಕ್ಕೇ ಸ್ನಾಯುವೆಂದು ರೂಢಿಯಾಗಿರುವುದರಿಂದ ನಾವೂ ರೂಢಿಯನ್ನೇ ಅನುಸರಿಸುತ್ತೇವೆ.)

ಮೊದಲು ಹೊರಗಿವಿಯನ್ನು ನೋಡೋಣ. ಕೊಟ್ಟಿಗೆಯಲ್ಲಿ ಮಲಗಿ ಮೆಲುಕು ಹಾಕುತ್ತಿರುವ ಹಸುವು ಕರುವಿನ ಧ್ವನಿಯನ್ನು ಕೇಳಿದೊಡನೆ ಕುತ್ತಿಗೆಯನ್ನು ತಿರುಗಿಸುವುದಕ್ಕೆ ಮೊದಲೇ ಕಿವಿಯನ್ನು ತಿರುಗಿಸುವುದು. ಬೆಕ್ಕಂತೂ ಒಂದು ಕಿವಿಯನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಹೊರಳಿಸಬಲ್ಲುದು. ಅದರ ಹೊರಗಿವಿಯನ್ನು ಆಡಿಸುವ ಸ್ನಾಯುಗಳು ಸುಮಾರು ೩೦ ಇರುವುವು. ಮನುಷ್ಯನ ಪ್ರತಿಯೊಂದು ಕಿವಿಗೂ ಇಂಥ ಸ್ನಾಯುಗಳು ಉಂಟು: ಮುಂದೆ ಒಂದು, ಮೇಲೆ ಒಂದು, ಹಿಂದೆ ಒಂದು. ಇವಲ್ಲದೆ ಕಿವಿಯ ಮೃದ್ವಸ್ಥಿಯ ಮೇಲೆಯೇ ಅಂಟಿಕೊಂಡ ಆರು ಅತಿ ಸಣ್ಣ ಎಳೆಗಳು ಬೇರೆ. ಆದರೆ ಇವುಗಳಿಂದ ಕಿವಿಯನ್ನು ಆಡಿಸುವ ಶಕ್ತಿಯು ಬಹು ಮಂದಿಗೆ ಇಲ್ಲ. ಎಲ್ಲೋ ಕೆಲವರು ಸ್ನೇಹಿತರ ವಿನೋದಕ್ಕಾಗಿ ಕಿವಿಯನ್ನು ಅಲುಗಿಸಿ ತೋರಿಸುವುದುಂಟು.

ಇಂಗ್ಲೆಂಡಿನ ಪ್ರಕೃತಿಶಾಸ್ತ್ರಜ್ಞ ಚಾರ್ಲ್ಸ್ ಡಾರ್ವಿನ್ ೧೮೭೧ರಲ್ಲಿ ಪ್ರಕಟಿಸಿದ ಮಾನವನ ಅವತರಣವನ್ನು ಕುರಿತ ಗ್ರಂಥದಲ್ಲಿ ಈ ಸ್ನಾಯುಗಳ ವಿಚಾರವನ್ನು ಎತ್ತಿದ್ದಾನೆ. ಕಿವಿಯನ್ನು ಮುಂದಕ್ಕೆ ಎಳೆದುಕೊಳ್ಳಬಲ್ಲವರನ್ನೂ, ಹಿಂದಕ್ಕೆ ಎಳೆದುಕೊಳ್ಳಬಲ್ಲವರನ್ನೂ ಅವನು ಕಂಡಿದ್ದನು. ಕಿವಿಯನ್ನು ಮುಟ್ಟಿಕೊಂಡು ಅದರಲ್ಲಿ ಗಮನವಿಟ್ಟು ಮತ್ತೆ ಮತ್ತೆ ಪ್ರಯತ್ನಿಸಿದರೆ ನಮ್ಮಲ್ಲಿ ಬಹುಮಂದಿ ಈ ಶಕ್ತಿಯನ್ನು ಸ್ವಲ್ಪಮಟ್ಟಿಗೆ ಮರಳಿ ಪಡೆಯಬಹುದೆಂದೂ ಊಹಿಸಿದನು. ಅವನ ಅಭಿಪ್ರಾಯದಲ್ಲಿ ಇವು ಪೂರ್ವಜರಿಂದ ಬಂದ ಹಳೆಯ ಆಸ್ತಿಯ ಅವಶೇಷಗಳು. ಹಿಂದಿನ ಕಾಲದ ಜಮೀನು ಹೋಗಿ ಪತ್ರ ಮಾತ್ರ ಪೆಟ್ಟಿಗೆಯಲ್ಲಿ ಉಳಿದಂತೆ.

ಆ ಪತ್ರದಲ್ಲಿ ಇನ್ನೂ ಜೀವವಿದೆಯೆಂಬುದು ನಮ್ಮ ಕಾಲದಲ್ಲಿ ತಿಳಿದುಬಂದ ವಿಷಯ. ಜರ್ಮನಿಯ ಸಾರ್ಲಾಂಡ್ ವಿಶ್ವವಿದ್ಯಾಲಯದ ವಿದ್ವಾಂಸರು ಕಿವಿಯ ಸುತ್ತಣ ಚರ್ಮದ ಮೇಲೆ ವಿದ್ಯುತ್ತನ್ನು ಅಳೆಯುವ ಬಿಲ್ಲೆಗಳನ್ನು ಅಂಟಿಸಿ ಪರೀಕ್ಷೆ ಮಾಡಿದರು. ೨೦೨೦ರಲ್ಲಿ ಅವರು ಪ್ರಕಟಿಸಿದ ಮೊದಲನೆಯ ಫಲವೇನೆಂದರೆ: ಮನುಷ್ಯನು ಯಾವ ದಿಕ್ಕಿನ ಶಬ್ದಕ್ಕೆ ಕಿವಿಗೊಡುವನೋ ಆ ದಿಕ್ಕಿಗೆ ತಕ್ಕಂತೆ ಈ ಸ್ನಾಯುಗಳಲ್ಲಿ ಚೇಷ್ಟೆ ಹುಟ್ಟುವುದು. ಅನಿರೀಕ್ಷಿತವಾದ ಶಬ್ದವು ಒಂದು ಕಡೆಯಿಂದ ಬಂದರೂ ಹಾಗೆಯೇ. ತಾನೇ ಮನಸ್ಸಿಟ್ಟು ಒಂದು ಕಡೆಯ ಕಥೆಯನ್ನು ಆಲಿಸಿದರೂ ಹಾಗೆಯೇ. ೨೦೨೫ರಲ್ಲಿ ಪ್ರಕಟವಾದ ಎರಡನೆಯ ಪರೀಕ್ಷೆಯಲ್ಲಿ, ಶ್ರವಣದೋಷವಿಲ್ಲದ ೨೦ ಮಂದಿಗೆ ಒಂದು ಪುಸ್ತಕದ ವಾಚನವನ್ನು ಕೇಳಿಸುತ್ತ, ಅದರ ಜೊತೆಗೆ ಗಮನವನ್ನು ಕೆಡಿಸುವ ಬೇರೆ ಮಾತುಗಳನ್ನೂ ಬೆರೆಸಿದರು. ಕೇಳುವುದು ಕಷ್ಟವಾದಷ್ಟೂ ಕಿವಿಯ ಮೇಲಣ ಸ್ನಾಯುವು ಹೆಚ್ಚು ಶ್ರಮಿಸಿತು. ಹಿಂದಣ ಸ್ನಾಯುವಾದರೋ ಶಬ್ದದ ದಿಕ್ಕು ಬದಲಾದುದಕ್ಕೆ ಸ್ಪಂದಿಸಿತು. ಈ ಅಲ್ಪಚಲನೆಯಿಂದ ಶ್ರವಣಕ್ಕೆ ದೊಡ್ಡ ಲಾಭವುಂಟೆಂದು ಆ ವಿದ್ವಾಂಸರೂ ಹೇಳುವುದಿಲ್ಲ. ಆದರೆ 'ಕಿವಿ ನಿಮಿರಿಸಿ ಕೇಳು' ಎಂದು ನಮ್ಮ ಹಿರಿಯರು ಆಡಿದ ಮಾತು ಬರಿಯ ಅಲಂಕಾರವಲ್ಲವೆಂಬುದು ಇಷ್ಟರಿಂದ ಸ್ಪಷ್ಟವಾಯಿತು. ನಾವು ಕಷ್ಟಪಟ್ಟು ಆಲಿಸುವಾಗ ಕಿವಿಯು ನಿಜವಾಗಿಯೂ ನಿಮಿರಲೆಳಸುವುದು. ಕಣ್ಣಿಗೆ ಕಾಣದಷ್ಟು ಅಲ್ಪವಾಗಿ, ಅಷ್ಟೆ.

ಇನ್ನು ಒಳಕ್ಕೆ ಹೋಗೋಣ. ಕಿವಿಯ ರಂಧ್ರದ ಕೊನೆಯಲ್ಲಿ ಸುಮಾರು ಒಂದು ಸೆಂಟಿಮೀಟರ್ ಅಗಲದ, ಕಾಗದದಂತೆ ತೆಳುವಾದ ಒಂದು ಪೊರೆಯುಂಟು. ಇದೇ ಕಿವಿತಮಟೆ. ಅದರ ಹಿಂದೆ ಗಾಳಿ ತುಂಬಿದ ಒಂದು ಸಣ್ಣ ಕೋಣೆ. ಆ ಕೋಣೆಯಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಎಲುಬುಗಳು ಒಂದಕ್ಕೊಂದು ತೊಡರಿಕೊಂಡು ನಿಂತಿರುವುವು. ತಮಟೆಯು ನಡುಗಿದರೆ ಸುತ್ತಿಗೆಯು ಅಲುಗುವುದು. ಸುತ್ತಿಗೆಯು ಅಡಿಗಲ್ಲನ್ನೂ, ಅಡಿಗಲ್ಲು ರಿಕಾಪನ್ನೂ ನೂಕುವುದು. ರಿಕಾಪಿನ ಪಾದವು ಒಳಗಿವಿಯ ಶಂಖದೊಳಗಣ ದ್ರವವನ್ನು ಒತ್ತುವುದು. ಗಾಳಿಯ ಅಲೆಯು ನೀರನ್ನು ಅಲ್ಲಾಡಿಸುವುದು ಸುಲಭದ ಕೆಲಸವಲ್ಲವಷ್ಟೆ? ಅಗಲವಾದ ತಮಟೆಯ ಬಲವೆಲ್ಲವೂ ರಿಕಾಪಿನ ಕಿರಿದಾದ ಪಾದದಲ್ಲಿ ಕೂಡುವುದರಿಂದ ಒತ್ತಡವು ಸುಮಾರು ೨೦ ಪಟ್ಟು ಹೆಚ್ಚುವುದು. ಆ ಮೂಲಕ ಈ ಕಾರ್ಯವು ಸಾಧಿಸುವುದು. ರಿಕಾಪು ಮನುಷ್ಯದೇಹದ ಅತ್ಯಂತ ಸಣ್ಣ ಎಲುಬು. ಅದರ ಎತ್ತರವು ೩ ಮಿಲಿಮೀಟರಿನಷ್ಟು ಮಾತ್ರ, ಒಂದು ಅಕ್ಕಿಯ ಕಾಳಿಗಿಂತಲೂ ಚಿಕ್ಕದು.

ಈ ಕೋಣೆಯಲ್ಲಿ ಇಬ್ಬರು ಕಾವಲುಗಾರರು ಉಂಟು. ದೇವಾಲಯದ ಬಾಗಿಲಿನಲ್ಲಿ ಜಯವಿಜಯರು ನಿಂತಂತೆ ಒಬ್ಬನು ತಮಟೆಯ ಬಳಿಯಲ್ಲಿ, ಇನ್ನೊಬ್ಬನು ರಿಕಾಪಿನ ಬಳಿಯಲ್ಲಿ. ಮೊದಲನೆಯವನು ಸುತ್ತಿಗೆಯ ಹಿಡಿಯನ್ನು ಒಳಕ್ಕೆ ಎಳೆದು ತಮಟೆಯನ್ನು ಬಿಗಿಸುವನು. ವೈದ್ಯರು ಇದನ್ನು ಟೆನ್ಸರ್ ಟಿಂಪನಿ ಎನ್ನುವರು. ಎರಡನೆಯವನು ರಿಕಾಪಿನ ಕತ್ತನ್ನು ಪಕ್ಕಕ್ಕೆ ಎಳೆದು ಅದರ ಓಟವನ್ನು ತಡೆಯುವನು. ಇದಕ್ಕೆ ಸ್ಟೆಪೀಡಿಯಸ್ ಎಂದು ಹೆಸರು. ಸುಮಾರು ೬ ಮಿಲಿಮೀಟರ್ ಉದ್ದದ ಈ ಸ್ನಾಯುವು ಎಲುಬುಗಳನ್ನಾಡಿಸುವ ನಮ್ಮ ಸ್ನಾಯುಗಳಲ್ಲೆಲ್ಲ ಚಿಕ್ಕದು. ಅತ್ಯಂತ ಸಣ್ಣ ಎಲುಬಿಗೆ ಅತ್ಯಂತ ಸಣ್ಣ ಸ್ನಾಯುವನ್ನು ಜೋಡಿಸಿರುವ ಈ ಔಚಿತ್ಯವು ಎಷ್ಟು ಸೊಗಸಾಗಿದೆ!

ಇವರ ಕಾರ್ಯವೇನು? ಸಾಧಾರಣವಾದ ಸಂಭಾಷಣೆಯ ಧ್ವನಿಯು ಸುಮಾರು ೬೦ ಡೆಸಿಬೆಲ್ ಇರುವುದು. ಶಬ್ದವು ಏರುತ್ತ ೮೦ ಡೆಸಿಬೆಲ್ಲಿನ ಆಸುಪಾಸಿಗೆ ಬಂದಿತೆಂದರೆ ರಿಕಾಪಿನ ಸ್ನಾಯುವು ತಾನಾಗಿ ಕುಗ್ಗಿ ಎಲುಬಿನ ಸರಪಣಿಯನ್ನು ಬಿಗಿಹಿಡಿಯುವುದು. ಒಂದು ಕಿವಿಗೆ ಮಾತ್ರ ಶಬ್ದ ಬಿದ್ದರೂ ಎರಡು ಕಿವಿಗಳ ಸ್ನಾಯುಗಳೂ ಕುಗ್ಗುವುವು. ಇದರ ಫಲವಾಗಿ ತಗ್ಗುಸ್ವರದ ಸದ್ದುಗಳು, ಎಂದರೆ ಯಂತ್ರಗಳ ಗುಡುಗಾಟ, ಜನಜಂಗುಳಿಯ ಮೊರೆತ ಮೊದಲಾದುವು, ೧೦ರಿಂದ ೨೦ ಡೆಸಿಬೆಲ್‌ವರೆಗೆ ಕುಂದುವುವು. ಹತ್ತು ಡೆಸಿಬೆಲ್ ಕುಂದಿತೆಂದರೆ ಶಬ್ದದ ಶಕ್ತಿಯು ಹತ್ತರಲ್ಲಿ ಒಂದು ಪಾಲಾಯಿತೆಂದೂ, ಇಪ್ಪತ್ತು ಕುಂದಿತೆಂದರೆ ನೂರರಲ್ಲಿ ಒಂದು ಪಾಲಾಯಿತೆಂದೂ ತಿಳಿಯತಕ್ಕದ್ದು. ಉಚ್ಚಸ್ವರದ ಸದ್ದುಗಳು ಮಾತ್ರ ಬಹುಮಟ್ಟಿಗೆ ಹಾಗೆಯೇ ಒಳಹೋಗುವುವು. ಇದರಲ್ಲಿ ಒಂದು ದೊಡ್ಡ ಉಪಕಾರವಿದೆ. ತಗ್ಗಿನ ಮೊರೆತವು ಮೇಲಿನ ಸಣ್ಣ ಧ್ವನಿಗಳನ್ನು ಮುಚ್ಚಿಬಿಡುವ ಸ್ವಭಾವವುಳ್ಳದ್ದು. ಮಾತಿನ ಅರ್ಥವನ್ನು ತಿಳಿಸುವ ವ್ಯಂಜನಗಳಾದರೋ ಹೆಚ್ಚಾಗಿ ಆ ಮೇಲಿನ ಧ್ವನಿಗಳಲ್ಲಿಯೇ ಇರುವುವು. ಮೊರೆತವನ್ನು ತಡೆದು ಮಾತನ್ನು ಒಳಬಿಡುವ ಈ ಕಾವಲುಗಾರನು ಯಾರನ್ನು ನಿಲ್ಲಿಸಬೇಕು, ಯಾರನ್ನು ಬಿಡಬೇಕು ಎಂಬುದನ್ನು ಅರಿತವನು.

ಇನ್ನೊಂದು ಸಂಗತಿಯು ಇದಕ್ಕಿಂತಲೂ ವಿಸ್ಮಯಕರವಾದುದು. ನಮಗೆ ಅತ್ಯಂತ ಹತ್ತಿರದಲ್ಲಿ ಹುಟ್ಟುವ ಗಟ್ಟಿಯಾದ ಶಬ್ದವು ಯಾವುದು? ನಮ್ಮ ಧ್ವನಿಯೇ. ಅದು ಗಾಳಿಯಿಂದಲೂ ತಲೆಯ ಎಲುಬಿನಿಂದಲೂ ಎರಡು ದಾರಿಯಾಗಿ ಕಿವಿಯನ್ನು ಸೇರುವುದು. ಆದುದರಿಂದ ನಾವು ಮಾತನಾಡತೊಡಗಿದರೆ, ಧ್ವನಿಯು ಹೊರಡುವುದಕ್ಕೆ ಸ್ವಲ್ಪ ಮೊದಲೇ ರಿಕಾಪಿನ ಸ್ನಾಯುವು ಕುಗ್ಗಲಾರಂಭಿಸುವುದು. ಕತ್ತಲೆಯಲ್ಲಿ ತನ್ನ ಕೂಗಿನ ಮಾರ್ದನಿಯಿಂದಲೇ ದಾರಿಯನ್ನು ಅರಿಯುವ ಬಾವಲಿಯಲ್ಲಿ ಇದು ಇನ್ನೂ ಸ್ಫುಟವಾಗಿ ಕಾಣುವುದು. ಅದರ ನಡುಗಿವಿಯ ಸ್ನಾಯುಗಳು ಪ್ರತಿಯೊಂದು ಕೂಗಿಗೂ ಮೊದಲು ಬಿಗಿದು, ಕೂಗು ಮುಗಿದೊಡನೆ ಸಡಿಲವಾಗಿ, ಮರಳಿ ಬರುವ ಸಣ್ಣ ಮಾರ್ದನಿಗೆ ಕಿವಿಯನ್ನು ಸಿದ್ಧಪಡಿಸುವುವು. ಮಾತನಾಡುವವನ ಕಿವಿಯು ಸ್ವಲ್ಪ ಮಂದವಾಗಿರುವುದು ದೇಹದ ಕಟ್ಟಳೆಯೇ ಎಂದಾಯಿತು. ನಲವತ್ತು ಮಕ್ಕಳ ಮುಂದೆ ನಿಂತು ದಿನವೆಲ್ಲ ಮಾತನಾಡುವ ವೃತ್ತಿಯವರು ಈ ಕಟ್ಟಳೆಯನ್ನು ಮರೆಯಬಾರದು. ಮಾತನ್ನು ನಿಲ್ಲಿಸಿದ ಮೇಲೆಯೇ ಹಿಂದಿನ ಸಾಲಿನ ಹುಡುಗನ ಮೆಲುದನಿಯ ಪ್ರಶ್ನೆಯು ಕಿವಿಯನ್ನು ಮುಟ್ಟುವುದು.

ತಮಟೆಯನ್ನು ಬಿಗಿಸುವ ಇನ್ನೊಬ್ಬ ಕಾವಲುಗಾರನ ರೀತಿಯೇ ಬೇರೆ. ಅವನು ಹೊರಗಿನ ಶಬ್ದಕ್ಕಿಂತ ಹೆಚ್ಚಾಗಿ ನಾವು ಅಗಿಯುವಾಗಲೂ, ನುಂಗುವಾಗಲೂ, ಬೆಚ್ಚಿಬಿದ್ದಾಗಲೂ ಎಚ್ಚರಗೊಳ್ಳುವನು. ಗರಿಗರಿಯಾದ ಚಕ್ಕುಲಿಯನ್ನು ಕಡಿಯುವಾಗ ತಲೆಯೊಳಗೆ ಏಳುವ ಸಪ್ಪಳವನ್ನು ಎಣಿಸಿಕೊಂಡರೆ ಇಂಥವನೊಬ್ಬನು ಬೇಕೆಂಬುದು ಯಾರಿಗಾದರೂ ತಿಳಿಯುವುದು. ದವಡೆಯ ಕೆಲಸವು ಕಿವಿಯ ಸ್ನಾಯುವಿಗೆ ತಿಳಿಯುವುದು ಹೇಗೆ? ಅಗಿಯುವ ಸ್ನಾಯುಗಳನ್ನು ಆಳುವ ನರವೇ ಇದನ್ನೂ ಆಳುವುದು. ಅದಕ್ಕೆ ಕಾರಣವು ಬಹು ಹಿಂದಿನದು. ೧೮೩೭ರಲ್ಲಿ ಜರ್ಮನಿಯ ಕಾರ್ಲ್ ರೈಶರ್ಟ್ ಎಂಬ ಪಂಡಿತನು ಪ್ರಾಣಿಗಳ ಭ್ರೂಣಗಳನ್ನು ಪರೀಕ್ಷಿಸಿ, ಸರೀಸೃಪಗಳಲ್ಲಿ ದವಡೆಯ ಕೀಲಾಗಿರುವ ಎಲುಬುಗಳೇ ನಮ್ಮ ಕಿವಿಯ ಸುತ್ತಿಗೆಗೂ ಅಡಿಗಲ್ಲಿಗೂ ಸಮಾನವಾದುವೆಂದು ತೋರಿಸಿದನು. ಎಂದರೆ ಹಾವುಹಲ್ಲಿಗಳಲ್ಲಿ ಬಾಯಿಯ ಕೆಲಸಕ್ಕಿದ್ದುವು ನಮ್ಮಲ್ಲಿ ಕಿವಿಯ ಕೆಲಸಕ್ಕೆ ವರ್ಗವಾದುವು. ಅವು ಮನೆಯನ್ನು ಬದಲಿಸಿದರೂ ಹಳೆಯ ಯಜಮಾನನಾದ ನರವು ಅವುಗಳ ಕೈಬಿಡಲಿಲ್ಲ. ಕಣ್ಣುಗಳನ್ನು ಬಲವಾಗಿ ಬಿಗಿದು ಮುಚ್ಚಿದಾಗ ಕೆಲವರಿಗೆ ದೂರದ ಗುಡುಗಿನಂಥ ಮೆಲುವಾದ ಮೊರೆತವು ಕೇಳಿಸುವುದುಂಟು. ಅದು ಹೆಚ್ಚಾಗಿ ಈ ಸ್ನಾಯುವು ಕುಗ್ಗುವ ಸದ್ದೇ. ವಾಚಕರು ಒಮ್ಮೆ ಪ್ರಯತ್ನಿಸಿ ನೋಡಬಹುದು.

ಇದೇ ನರದ ಅಧೀನದಲ್ಲಿ ಅಂಗುಳಿನ ಒಂದು ಸ್ನಾಯುವೂ ಇದೆ. ನಡುಗಿವಿಯ ಕೋಣೆಯಿಂದ ಮೂಗಿನ ಹಿಂಭಾಗಕ್ಕೆ ಒಂದು ನಾಳವುಂಟಷ್ಟೆ. ಹದಿನಾರನೆಯ ಶತಮಾನದಲ್ಲಿ ಅದನ್ನು ವರ್ಣಿಸಿದ ಇಟಲಿಯ ಯೂಸ್ಟೇಶಿಯಸ್ ಎಂಬ ವೈದ್ಯನ ಹೆಸರೇ ಅದಕ್ಕೆ ನಿಂತಿದೆ. ಸಾಮಾನ್ಯವಾಗಿ ಮುಚ್ಚಿರುವ ಈ ನಾಳವನ್ನು ನುಂಗುವಾಗಲೂ ಆಕಳಿಸುವಾಗಲೂ ತೆರೆಯುವುದು ಆ ಸ್ನಾಯುವಿನ ಕಾರ್ಯ. ಆಗುಂಬೆಯ ಘಾಟಿಯನ್ನು ಇಳಿದು ಸೋಮೇಶ್ವರದ ಕಡೆಗೆ ಹೋಗುವಾಗ ಕಿವಿಯು ಕಟ್ಟಿದಂತಾಗಿ, ಒಂದು ಗುಟುಕು ನೀರು ಕುಡಿದೊಡನೆ 'ಟಪ್' ಎಂದು ಬಿಟ್ಟುಕೊಳ್ಳುವುದು ಆ ಭಾಗದಲ್ಲಿ ಪ್ರಯಾಣಮಾಡಿದವರಿಗೆಲ್ಲ ಅನುಭವವೇದ್ಯ. ಮಕ್ಕಳಿಗೆ ಘಾಟಿಯಲ್ಲಿ ಚೀಪಲು ಪೆಪ್ಪರಮೆಂಟು ಕೊಡುವ ತಾಯಂದಿರು ಶಾಸ್ತ್ರವನ್ನು ಓದದೆಯೇ ಶಾಸ್ತ್ರೋಕ್ತವಾದುದನ್ನು ಮಾಡುತ್ತಾರೆ.

ಕಾವಲುಗಾರನ ಬೆಲೆಯು ತಿಳಿಯುವುದು ಅವನು ಇಲ್ಲದಾಗ. ಕೆಲವು ವರ್ಷಗಳ ಹಿಂದೆ ಒಂದು ಮಾಗಿಯ ಬೆಳಗ್ಗೆ ನಮ್ಮ ಮನೆಯವರು ಏಳುವಾಗ ಅವರ ಮುಖದ ಬಲಭಾಗವು ಜೋತುಬಿದ್ದಿತ್ತು. ಕಣ್ಣು ಮುಚ್ಚಲೊಲ್ಲದು, ಬಾಯಿ ಮುಕ್ಕಳಿಸಿದರೆ ನೀರು ಒಂದು ಕಡೆಯಿಂದ ಸೋರುವುದು. ಒಡನೆಯೇ ವೈದ್ಯರಲ್ಲಿಗೆ ಕರೆದೊಯ್ದೆವು. ಮಿದುಳಿನ ಆಘಾತವಲ್ಲ, ಮುಖದ ನರಕ್ಕೆ ಉಂಟಾದ ಊತವೆಂದು ಅವರು ನಿಶ್ಚಯಿಸಿ ಔಷಧವನ್ನು ಕೊಟ್ಟರು. ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಸರ್ ಚಾರ್ಲ್ಸ್ ಬೆಲ್ (೧೭೭೪–೧೮೪೨) ಮುಖದ ನರವನ್ನು ಕುರಿತು ಮಾಡಿದ ಶೋಧನೆಗಳಿಂದಾಗಿ ಈ ರೋಗಕ್ಕೆ ಬೆಲ್ಲನ ಪಾರ್ಶ್ವವಾಯುವೆಂದು ಹೆಸರು.

ಮುಖದ ಮಾತು ಹಾಗಿರಲಿ. ಮೂರನೆಯ ದಿನದಿಂದ ಅವರಿಗೆ ಶಬ್ದವೇ ವೈರಿಯಾಯಿತು. ಅಡಿಗೆಮನೆಯಲ್ಲಿ ಒಂದು ಲೋಟ ಬಿದ್ದರೆ ಬಲಗಿವಿಯನ್ನು ಅಂಗೈಯಿಂದ ಒತ್ತಿ ಹಿಡಿದುಕೊಳ್ಳುವರು. ಪ್ರೆಷರ್ ಕುಕ್ಕರಿನ ಸೀಟಿಗೆ ಕಣ್ಣಲ್ಲಿ ನೀರು ತಂದುಕೊಳ್ಳುವರು. ಮೊಮ್ಮಕ್ಕಳ ಕೇಕೆಯನ್ನು ಕೇಳಿ ನಗುತ್ತಿದ್ದವರು 'ದಮ್ಮಯ್ಯ, ಸುಮ್ಮನಿರಿ' ಎಂದು ಬೇಡುವರು. ನೋಡಲು ಬಂದಿದ್ದ ಬಂಧುಗಳಲ್ಲಿ ಒಬ್ಬರು, 'ಕಾಯಿಲೆಯ ನೆಪದಲ್ಲಿ ಸಿಡುಕು ಹೆಚ್ಚಾಗಿದೆ' ಎಂದು ಪಿಸುಗುಟ್ಟಿದರು. ಆ ಪಿಸುಮಾತೂ ಅವರಿಗೆ ಕೇಳಿಸದೆ ಹೋಗಲಿಲ್ಲ. ಮೂವತ್ತು ವರ್ಷಗಳ ಸಂಸಾರದಲ್ಲಿ ಸಿಡುಕನ್ನು ಕಾಣದ ನಮಗೆ ಈ ಮಾತು ಒಪ್ಪಿಗೆಯಾಗಲಿಲ್ಲ. ಮರುದಿನ ವೈದ್ಯರನ್ನು ವಿಚಾರಿಸಿದೆವು. ರಿಕಾಪಿನ ಸ್ನಾಯುವಿಗೆ ಅಪ್ಪಣೆಯನ್ನು ಒಯ್ಯುವುದು ಮುಖದ ನರದ ಒಂದು ಕವಲೇ. ಆ ಕವಲು ಒಡೆಯುವುದಕ್ಕಿಂತ ಮೇಲೆ ನರವು ಕೆಟ್ಟಿದ್ದರೆ ಸ್ನಾಯುವು ಮಲಗಿಬಿಡುವುದು. ಆಗ ಶಬ್ದವನ್ನು ತಡೆಯುವವರಿಲ್ಲದೆ ಎಲ್ಲವೂ ನೇರವಾಗಿ ಒಳನುಗ್ಗುವುದು ಎಂದು ಅವರು ಬಿಡಿಸಿ ಹೇಳಿದರು. ಮನೆಗೆ ಬಂದು ಇದನ್ನು ತಿಳಿಸಿದಾಗ ನಮ್ಮವರು ಮೊದಲು ಕೇಳಿದ ಪ್ರಶ್ನೆ: 'ಹಾಗಾದರೆ ನನ್ನ ಬುದ್ಧಿಗೆ ಏನೂ ಆಗಿಲ್ಲ, ಅಲ್ಲವೆ?' ಆರು ಮಿಲಿಮೀಟರಿನ ಒಂದು ಸ್ನಾಯುವು ಮಲಗಿದುದರಿಂದ ಒಂದು ಜೀವವು ತನ್ನ ಸ್ವಭಾವವನ್ನೇ ಶಂಕಿಸುವಂತಾಗಿತ್ತು. ಆರು ವಾರಗಳಲ್ಲಿ ಮುಖವು ಸರಿಯಾಯಿತು. ಅದಕ್ಕೆ ಮೊದಲೇ ಕಿವಿಯು ಶಾಂತವಾಯಿತು.

ಈ ರೋಗದಲ್ಲಿ ಬಹುಮಂದಿ ಕೆಲವು ವಾರಗಳಿಂದ ಕೆಲವು ತಿಂಗಳುಗಳೊಳಗೆ ಗುಣಹೊಂದುವರು. ಆದರೆ ಔಷಧವನ್ನು ಮೂರು ದಿನಗಳೊಳಗೆ ಮೊದಲುಮಾಡಿದರೆ ಫಲವು ಹೆಚ್ಚು. ಅಲ್ಲದೆ ಮುಖವು ಸೊಟ್ಟಗಾಗುವುದು ಮಿದುಳಿನ ಆಘಾತದ ಗುರುತೂ ಆಗಿರಬಹುದಾದ ಕಾರಣ, ಅದನ್ನು ಕಂಡೊಡನೆಯೇ ಆಸ್ಪತ್ರೆಗೆ ಹೋಗತಕ್ಕದ್ದು. 'ತಣ್ಣನೆಯ ಗಾಳಿ ತಗುಲಿದೆ, ಎಣ್ಣೆ ಹಚ್ಚಿದರೆ ಹೋಗುತ್ತದೆ' ಎಂದು ಕಾಯುವುದು ಯುಕ್ತವಲ್ಲ.

ಕಾವಲುಗಾರರು ಎಷ್ಟೇ ನಿಷ್ಠರಾದರೂ ಅವರ ಶಕ್ತಿಗೆ ಒಂದು ಮೇರೆಯುಂಟು. ಶಬ್ದವು ಕಿವಿಯನ್ನು ಮುಟ್ಟಿದ ಮೇಲೆ ಸ್ನಾಯುವು ಕುಗ್ಗತೊಡಗಲು ಸೆಕೆಂಡಿನ ನಲವತ್ತನೆಯ ಒಂದು ಭಾಗದಿಂದ ಹತ್ತನೆಯ ಒಂದು ಭಾಗದವರೆಗೆ ಕಾಲವು ಬೇಕು. ಗುಡುಗಿನಂತೆ ಉರುಳಿ ಬರುವ ಶಬ್ದಕ್ಕೆ ಇಷ್ಟು ಸಾಕು. ಆದರೆ ಪಟಾಕಿಯ ಸಿಡಿತವು ಸೆಕೆಂಡಿನ ಸಾವಿರದಲ್ಲಿ ಕೆಲವೇ ಭಾಗಗಳೊಳಗೆ ಶಿಖರವನ್ನು ಮುಟ್ಟಿಬಿಡುವುದು. ಕಾವಲುಗಾರನು ಎದ್ದು ನಿಲ್ಲುವಷ್ಟರಲ್ಲಿ ಕಳ್ಳನು ಒಳಹೊಕ್ಕು ಹೊರಟೂ ಹೋಗಿರುವನು. ಸಿಡಿಯುವ ಸ್ಥಳದಿಂದ ೪ ಮೀಟರ್ ದೂರದಲ್ಲಿ ೧೨೫ ಡೆಸಿಬೆಲ್ಲಿಗೆ ಮೀರಿ ಸದ್ದು ಮಾಡುವ ಪಟಾಕಿಯು ನಮ್ಮ ದೇಶದ ನಿಯಮಗಳಲ್ಲಿ ನಿಷಿದ್ಧವಾದುದು. ಆದರೆ ದೀಪಾವಳಿಯ ರಾತ್ರಿ ಮಗುವಿನ ಪಕ್ಕದಲ್ಲಿ ಡೆಸಿಬೆಲ್ಲನ್ನು ಅಳೆಯಲು ಯಾರೂ ನಿಂತಿರುವುದಿಲ್ಲ. ಇನ್ನು ಗಂಟೆಗಟ್ಟಲೆ ಎಡೆಬಿಡದೆ ಮೊರೆಯುವ ಧ್ವನಿವರ್ಧಕದ ಮುಂದೆಯೂ ಈ ಸ್ನಾಯುವು ನಮ್ಮನ್ನು ಉಳಿಸಲಾರದು. ದುಡಿದು ದುಡಿದು ದಣಿಯುವುದು, ಅಲ್ಲದೆ ಉಚ್ಚಸ್ವರಗಳನ್ನು ಅದು ಮೊದಲೇ ತಡೆಯಲಾರದು. ಸದ್ದನ್ನು ೮೦ ಡೆಸಿಬೆಲ್ಲಿಗೆ ಇಟ್ಟುಕೊಂಡರೂ ವಾರಕ್ಕೆ ೪೦ ಗಂಟೆಗಳಿಗಿಂತ ಹೆಚ್ಚಾಗಿ ಕೇಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕಿವಿಯೊಳಗೇ ಯಂತ್ರವನ್ನು ಸಿಕ್ಕಿಸಿಕೊಂಡು ಮಲಗುವ ತರುಣರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಕಿವಿತಮಟೆಯು ಹರಿದರೆ ಅನೇಕ ವೇಳೆ ಕೂಡಿಕೊಳ್ಳುವುದು. ಆದರೆ ಅದರಿಂದ ಒಳಗೆ ಶಂಖದಲ್ಲಿರುವ ಶ್ರವಣದ ಜೀವಕಣಗಳು ಒಮ್ಮೆ ನಾಶವಾದರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ.

ಆ ಜೀವಕಣಗಳು ವಯಸ್ಸಾದಂತೆ ತಾವಾಗಿಯೂ ಸವೆಯುವುವು. ಅರವತ್ತರ ಅಂಚಿನಲ್ಲಿರುವ ನಮ್ಮಂಥವರಿಗೆ ಇದು ಪುಸ್ತಕದ ವಿಷಯವಲ್ಲ. ಮೊದಲು ಹೋಗುವುದು ಉಚ್ಚಸ್ವರಗಳು. ಸ, ಶ, ತ, ಕ, ಪ ಮೊದಲಾದ ವ್ಯಂಜನಗಳು ಮಸುಕಾಗಿ, ಸ್ವರಗಳು ಮಾತ್ರ ಉಳಿಯುವುವು. ಹಾಲೋ ಕಾಲೋ ಸಾಲೋ ಪಾಲೋ ತಿಳಿಯದು. ಬಾಲವು ಕೇಳಿಸುವುದು, ತಲೆಯು ಕೇಳಿಸದು. ಆದುದರಿಂದ ಮುದುಕರು ಪ್ರತಿಯೊಂದು ವಾಕ್ಯವನ್ನೂ ಊಹೆಯಿಂದ ತುಂಬಿಕೊಳ್ಳುತ್ತ ಕೇಳಬೇಕಾಗುವುದು. ಮದುವೆಯ ಮನೆಯಲ್ಲಿ ಎರಡು ಗಂಟೆ ಕುಳಿತು ಬಂದ ಅಜ್ಜನು 'ದಣಿವಾಯಿತು' ಎಂದರೆ, 'ಕುಳಿತಲ್ಲಿಯೇ ಕುಳಿತಿದ್ದರಲ್ಲ, ದಣಿವೆಂಥದು?' ಎಂದು ಕಿರಿಯರು ನಗುವರು. ಕಷ್ಟಪಟ್ಟು ಆಲಿಸುವಾಗ ಕಿವಿಯ ಸುತ್ತಣ ಸ್ನಾಯುವೂ ದುಡಿಯುವುದೆಂಬುದನ್ನು ಮೇಲೆ ಕಂಡೆವಷ್ಟೆ. ಅಜ್ಜನು ಎರಡು ಗಂಟೆ ಸುಮ್ಮನೆ ಕುಳಿತಿರಲಿಲ್ಲ; ಎರಡು ಗಂಟೆ ಕೇಳುತ್ತಿದ್ದನು. ಈ ದಣಿವನ್ನು ತಾಳಲಾರದೆಯೇ ಎಷ್ಟೋ ಮಂದಿ ಹಿರಿಯರು ಮೆಲ್ಲಮೆಲ್ಲನೆ ಮಾತುಕತೆಯಿಂದ ಹಿಂಜರಿದು ಜಗಲಿಯ ಮೂಲೆಯನ್ನು ಸೇರುವರು. ಮನೆಯವರು ಅದನ್ನು ವೈರಾಗ್ಯವೆಂದೋ ಬಿಗುಮಾನವೆಂದೋ ತಿಳಿಯುವರು.

ಇದಕ್ಕೆ ಗೃಹಸ್ಥರು ಮಾಡಬಹುದಾದ ಉಪಾಯಗ಼ಳು ಕಷ್ಟವಾದುವಲ್ಲ. ಹಿರಿಯರೊಡನೆ ಮಾತನಾಡುವಾಗ ಟೆಲಿವಿಷನ್ನನ್ನು ನಿಲ್ಲಿಸಿರಿ. ಹಿಂದಿನಿಂದಾಗಲಿ ಇನ್ನೊಂದು ಕೋಣೆಯಿಂದಾಗಲಿ ಕೂಗಬೇಡಿರಿ. ಎದುರಿಗೆ ಬಂದು ತುಟಿಗಳು ಕಾಣುವಂತೆ ನಿಲ್ಲಿರಿ. ಕಿರಿಚಿದರೆ ಸ್ವರಗಳು ಮಾತ್ರ ಉಬ್ಬುವುವು, ವ್ಯಂಜನಗಳು ಇನ್ನಷ್ಟು ಮುಳುಗುವುವು. ಆದುದರಿಂದ ಧ್ವನಿಯನ್ನು ಏರಿಸುವುದಕ್ಕಿಂತ ಮಾತನ್ನು ನಿಧಾನವಾಗಿ ಬಿಡಿಸಿ ಆಡುವುದು ಮೇಲು. ಒಂದು ಮಾತು ತಿಳಿಯದಿದ್ದರೆ ಅದನ್ನೇ ಮೂರು ಸಲ ಹೇಳದೆ ಬೇರೆ ಮಾತಿನಲ್ಲಿ ಹೇಳಿರಿ. ಶ್ರವಣಯಂತ್ರವನ್ನು ಹಾಕಿಕೊಳ್ಳುವುದು ಕನ್ನಡಕವನ್ನು ಹಾಕಿಕೊಳ್ಳುವುದಕ್ಕಿಂತ ಹೆಚ್ಚಿನ ಅವಮಾನವೇನೂ ಅಲ್ಲವೆಂಬುದನ್ನು ಮನೆಮಂದಿಯೆಲ್ಲ ನಡತೆಯಿಂದ ತೋರಿಸಿರಿ.

ಸಂಸ್ಕೃತದಲ್ಲಿ 'ಶ್ರು' ಎಂಬ ಧಾತುವಿಗೆ ಕೇಳುವುದೆಂದು ಅರ್ಥ. ಅದರ ಮೇಲೆ ಇಚ್ಛಾರ್ಥದ ಪ್ರತ್ಯಯವು ಬಂದು 'ಶುಶ್ರೂಷಾ' ಎಂಬ ಶಬ್ದವು ಸಿದ್ಧಿಸುವುದು. ಕೇಳಬೇಕೆಂಬ ಬಯಕೆಯೆಂದು ಅದರ ಮೊದಲ ಅರ್ಥ. 'ಶ್ರು' ಧಾತುವು ಹೀಗೆ ಇಚ್ಛಾರ್ಥವನ್ನು ಪಡೆದಾಗ ಆತ್ಮನೇಪದವನ್ನು ತಾಳತಕ್ಕದ್ದೆಂದು ಪಾಣಿನಿಯು ವಿಧಿಸಿದ್ದಾನೆ. ಆತ್ಮನೇಪದವೆಂದರೆ, ಹೆಸರಿನಂತೆ, ಕ್ರಿಯೆಯ ಫಲವು ಮಾಡುವವನಿಗೇ ಸೇರುವ ರೂಪ. ಗುರುವಿನ ಮಾತನ್ನು ಕೇಳಬೇಕೆಂಬ ಬಯಕೆಯುಳ್ಳ ಶಿಷ್ಯನು ಗುರುವಿನ ಬಳಿಯಲ್ಲಿಯೇ ಇದ್ದು ಅವನ ಸೇವೆಯನ್ನೂ ಮಾಡುತ್ತಿದ್ದುದರಿಂದ ಆ ಶಬ್ದಕ್ಕೆ ಸೇವೆಯೆಂದೂ, ಬರಬರುತ್ತ ಕನ್ನಡದಲ್ಲಿ ರೋಗಿಗಳ ಉಪಚಾರವೆಂದೂ ಅರ್ಥವು ಬೆಳೆಯಿತು. ಬಹಳವಾಗಿ ಕಲಿತವನನ್ನು ನಾವು ಬಹುಶ್ರುತನೆನ್ನುತ್ತೇವೆ. ಬಹಳ ಮಾತನಾಡಿದವನಿಗೆ ಆ ಹೆಸರು ಸಲ್ಲುವುದಿಲ್ಲ. ಕಿವಿಯ ಸ್ನಾಯುಗಳು ಅಪ್ಪಣೆಗೆ ಕಾಯದೆ ನಮಗಾಗಿ ಈ ಶುಶ್ರೂಷೆಯನ್ನು ನಡೆಸುತ್ತಿರುವುವು. ಅವುಗಳಿಂದ ಆಗದೆ ಉಳಿದುದು ಸ್ವಲ್ಪ. ಅದನ್ನು ಮನೆಯವರು ಮಾಡಬೇಕು. ಇಂದು ಸಂಜೆ ನಿಮ್ಮ ಮನೆಯ ಹಿರಿಯರು 'ಏನೆಂದೆ?' ಎಂದು ಎರಡನೆಯ ಸಲ ಕೇಳಿದಾಗ, 'ಏನೂ ಇಲ್ಲ, ಬಿಡಿ' ಎನ್ನದೆ, ಹತ್ತಿರಕ್ಕೆ ಹೋಗಿ ಎದುರಿಗೆ ಕುಳಿತು ಇನ್ನೊಮ್ಮೆ ಹೇಳಿರಿ.